ತುಂಬೆ ಹೂವಿನ ಲೆಕ್ಕ

ಶಿವರಾತ್ರಿಯ ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ, ಅಂಗೈಯಗಲದ ಬಾಳೆಲೆಯ ಚೂರಿನ ಮೇಲೆ ಒಂದು ಚಿಟಿಕೆ ತುಂಬೆ ಹೂವನ್ನಿಟ್ಟು 30 ರೂಪಾಯಿ ಎಂದ ಹೆಂಗಸಿನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಮಳೆಗಾಲ ಮುಗಿದಾಗ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಬುಡದಲ್ಲಿ ಪುಕ್ಕಟೆಯಾಗಿ ಬೆಳೆದಿದ್ದ ತುಂಬೆಯನ್ನು ಕಳೆಯೆಂದು ಕಿತ್ತೆಸೆದು ಹುಲ್ಲುಹಾಸು ಬೆಳೆಸಬೇಕೆಂಬ ನಿರ್ಣಯಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಶಿವನಿಗೆ ಈ ಹೂವೇ ಏಕೆ ಪ್ರಿಯವೆಂದು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ಅಜ್ಜಿಯ ತಾಮ್ರದ ತಟ್ಟೆಯ ವಿಷಯವನ್ನು ಹೇಳಿಬಿಡಬೇಕು.

ನಾನು ಹುಡುಗನಾಗಿದ್ದಾಗ ಬನಶಂಕರಿಯ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ಕಾರ್ತಿಕ ಸೋಮವಾರ ಬಂತೆಂದರೆ ಅಜ್ಜಿ ತಟ್ಟೆಯನ್ನು ಕೈಗಿತ್ತು, 108 ಹೂವಿಗೆ ಒಂದೂ ಕಡಿಮೆಯಾಗಕೂಡದೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ತುಂಬೆಯನ್ನು ಬಿಡಿಸಿದವರಿಗೆ ಗೊತ್ತು, ಅದರ ನಾಲ್ಕು ಮೂಲೆಯ ಕಾಂಡದ ಗೆಣ್ಣುಗೆಣ್ಣಿಗೆ ಚೆಂಡಿನಂತೆ ಸುತ್ತಿದ ಹಸಿರು ಮುಳ್ಳುಮುಳ್ಳು ಬಟ್ಟಲುಗಳಿಂದ ಒಂದೊಂದೇ ಬಿಳಿ ಹೂವನ್ನು ಉಗುರಿನಲ್ಲಿ ಎಳೆಯಬೇಕು. ಎಳೆದೊಡನೆ ಅದು ಸುಲಭವಾಗಿ ಬಂದುಬಿಡುತ್ತದೆ, ಬಂದೊಡನೆ ಅದರ ಕೊಳವೆಯ ತುದಿಯಲ್ಲಿ ಸಾಸಿವೆಯಷ್ಟು ಸಿಹಿಯಿರುತ್ತದೆ. ನನ್ನ ಲೆಕ್ಕ ತಪ್ಪುತ್ತಿದ್ದುದು ಇಲ್ಲಿಯೇ. ಮೂರು ಹೂ ತಟ್ಟೆಗೆ, ಒಂದು ಬಾಯಿಗೆ ಎಂದು ಶುರುವಾದದ್ದು ಸ್ವಲ್ಪ ಹೊತ್ತಿನಲ್ಲಿ ತಿರುವುಮುರುವಾಗುತ್ತಿತ್ತು. ಬಿಸಿಲೇರಿದ ಮೇಲೆ, ಚೀಪಿ ಬಿಸಾಡಿದ್ದನ್ನೇ ಹೆಕ್ಕಿ, ಅಂಗಿಗೆ ಒರೆಸಿ, ತಟ್ಟೆಯ ತಳಕ್ಕೆ ಸೇರಿಸಿ 108 ಪೂರೈಸುತ್ತಿದ್ದೆ. ಅಜ್ಜಿ ಕನ್ನಡಕ ಏರಿಸಿ ಎಣಿಸುತ್ತಿದ್ದರೇ ಹೊರತು ಮೂಸುತ್ತಿರಲಿಲ್ಲ. ಬೇಡರ ಕಣ್ಣಪ್ಪನ ಎಂಜಲನ್ನು ಒಪ್ಪಿಕೊಂಡ ದೇವರು ಇದನ್ನೂ ಒಪ್ಪಿಕೊಂಡಿರಬೇಕೆಂದು ಸಮಾಧಾನ ಮಾಡಿಕೊಂಡಿದ್ದೇನೆ. ಕಣ್ಣಪ್ಪ ಮಾತ್ರ ಲೆಕ್ಕದಲ್ಲಿ ಮೋಸ ಮಾಡಿದವನಲ್ಲ.

ಆ ಸೈಟುಗಳಲ್ಲಿ ಈಗ ನಾಲ್ಕಂತಸ್ತಿನ ಮನೆಗಳಿವೆ. ಗೋಡೆಗೂ ರಸ್ತೆಗೂ ನಡುವೆ ಒಂದು ಗೇಣು ಮಣ್ಣುಳಿದರೂ ಅದಕ್ಕೆ ಟೈಲ್ಸ್ ಹೊದಿಸದೆ ನಮಗೆ ನಿದ್ದೆ ಬಾರದು. ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯೊಳಗೆ ವರ್ಷಕ್ಕೆರಡು ಸಲ ಹೂವಿನ ಗೋಪುರಗಳೆದ್ದಾಗ ಸಾಲುಗಟ್ಟಿ ನಿಂತು ಫೋಟೋ ತೆಗೆಯುವ ನಾವು, ತುಳಸಿಯ ಕುಟುಂಬದ್ದೇ ಆದ ಈ ಮೊಣಕಾಲೆತ್ತರದ ಗಿಡವನ್ನು ಕಂಡರೆ ಮಾಲಿಯನ್ನು ಕೂಗುತ್ತೇವೆ. ನಮ್ಮ ಹುಲ್ಲುಹಾಸಿಗಾದರೋ ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅದರ ಮೇಲೆ ಯಾರೂ ಕಾಲಿಡಬಾರದೆಂದು ಒಂದು ಫಲಕ ಬೇರೆ. ಯಾರೂ ಕೂರದ, ದನವೂ ಮೇಯದ ಹುಲ್ಲಿನಿಂದ ಏನುಪಯೋಗವೆಂದು ನಾನು ಸಭೆಯಲ್ಲಿ ಕೇಳಬಹುದಿತ್ತು. ಅಂದು ಬೋಂಡ ಬಿಸಿಯಾಗಿತ್ತು.

30 ರೂಪಾಯಿ ಕೊಟ್ಟು ಕೊಸರು ಕೇಳಿದೆ. ಆಕೆ ಮೂರು ಹೂ ಹಾಕಿದಳು. ಎಲ್ಲಿ ಬಿಡಿಸಿ ತಂದೆಯಮ್ಮ ಎಂದರೆ ನಕ್ಕಳೇ ಹೊರತು ಜಾಗ ಹೇಳಲಿಲ್ಲ.