ಸತ್ಯಾಂಶ: ಎಲುಬು ಕೂಡದಿದ್ದರೆ ರಾಡ್ ತೆಗೆಸಿಬಿಟ್ಟರೆ ಸಾಕಾ?

ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಆಪರೇಷನ್ ಆದ ಮೇಲೂ ಮುರಿದ ಕಣಕಾಲಿನ (ಮೊಣಕಾಲಿನ ಕೆಳಗಿನ) ಎಲುಬು ಕೂಡದಿದ್ದರೆ ಅದರೊಳಗೆ ಹಾಕಿದ ಲೋಹದ ರಾಡೇ ಕಾರಣ, ಅದನ್ನು ತೆಗೆಸಿ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದರೆ ಸಾಕು ಅಂತ. ಇದು ತಪ್ಪು.

ಮಲ್ಪೆಯಲ್ಲಿ ಬೋಟಿಗೆ ಹೋಗುವ ನೆರೆಮನೆಯ ಅಣ್ಣ ಇದನ್ನು ತೋರಿಸಿ, ನಿಜವಾ ಅಂತ ಕೇಳಿದರು. ಅವರ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಬೆಳ್ಳಗಿನ ರಾಡ್, ಅದರ ಎರಡೂ ಬದಿಗೆ ಎಲುಬನ್ನು ಅಡ್ಡ ಸೀಳಿದ ಕಪ್ಪು ಗೆರೆ. ಪೆಟ್ಟಾಗಿ 10 ತಿಂಗಳಾದರೂ ಗೆರೆ ಮಾಸಿಲ್ಲ.

ನಿಮ್ಮ ಕಣಕಾಲಿನ ಮುಂದೆ ಬೆರಳಾಡಿಸಿ ನೋಡಿ, ಚರ್ಮದ ಕೆಳಗೆ ನೇರ ಎಲುಬೇ ಸಿಗುತ್ತದೆ ಅಲ್ವಾ? ಅಲ್ಲಿ ಮಾಂಸದ ಹೊದಿಕೆ ಇಲ್ಲ, ರಕ್ತದ ಓಡಾಟವೂ ಕಡಿಮೆ, ಅದರ ಮೇಲೆ ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಸೋಂಕು ಸೇರಿದರೆ ಎಲುಬು ಕೂಡುವುದು ಇನ್ನೂ ಕಷ್ಟ. ರಾಡ್ ಇರುವುದು ಮುರಿದ ಜಾಗ ಅಲುಗಾಡದಂತೆ ಹಿಡಿಯಲಿಕ್ಕೆ. ಸುಮ್ನೆ ತೆಗೆದರೆ ಅಲುಗಾಟ ಜಾಸ್ತಿಯಾಗುತ್ತದೆ.

ಡಾಕ್ಟರು ಹಳೇ ರಾಡ್ ತೆಗೆಯುವುದು ಉಂಟು, ಆದರೆ ಎಲುಬಿನ ಒಳಗನ್ನು ಕೊರೆದು ಹಳೆಯದಕ್ಕಿಂತ 1–2 ಮಿ.ಮೀ. ಹೆಚ್ಚು ದಪ್ಪದ ಹೊಸ ರಾಡ್ ಹಾಕಲಿಕ್ಕೆ. ಕೊರೆದಾಗ ಬಂದ ಪುಡಿಯೂ ಎಲುಬು ಬೆಳೆಯಲು ನೆರವಾಗುತ್ತದೆ. ಮುರಿದ ತುಂಡುಗಳ ನಡುವೆ ಸಂದು ಇದ್ದರೆ ಸೊಂಟದ ಎಲುಬಿನ ಚೂರು ತೆಗೆದು ತುಂಬುತ್ತಾರೆ. ಸೋಂಕಾಗಿ ಎಲುಬಿನ ತುಂಡೇ ಹೋಗಿದ್ದರೆ, 1950ರ ದಶಕದಲ್ಲಿ ಸೋವಿಯತ್ ರಷ್ಯಾದ ಕುರ್ಗಾನ್‌ನಲ್ಲಿ ಡಾ. ಇಲಿಜಾರೋವ್ ರೂಪಿಸಿದ ಬಳೆಯಾಕಾರದ ಚೌಕಟ್ಟನ್ನು ಕಾಲಿನ ಹೊರಗೆ ಕಟ್ಟಿ, ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಎಲುಬನ್ನು ಸರಿಸಿ ಹೊಸದು ಬೆಳೆಸುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಬೇಕು.

ಅಣ್ಣ ಎಲ್ಲ ಕೇಳಿಸಿಕೊಂಡರು. ಬೀಡಿ ಬಿಟ್ಟು ಎರಡು ವಾರ ಆಯಿತಂತೆ. ಸೋಮವಾರ ಎಕ್ಸ್‌ರೇ ಹಿಡಿದು ಡಾಕ್ಟರ ಹತ್ತಿರ ಹೋಗುತ್ತಾರೆ, ಜೊತೆಗೆ ನಾನೂ ಹೋಗುತ್ತೇನೆ.