ಹೋದ ವರ್ಷ ಸೇರಿಸಬೇಕಿತ್ತು

ಮಗುವನ್ನು ಪ್ರೈವೇಟ್ ಸ್ಕೂಲಿಗೆ ಯಾವಾಗ ಸೇರಿಸಬೇಕು ಅನ್ನುವ ವಿಷಯದಲ್ಲಿ ಕರ್ನಾಟಕದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಹೋದ ವರ್ಷ ಸೇರಿಸಬೇಕಿತ್ತು. ಮಗುವಿಗೆ ಎಷ್ಟೇ ವಯಸ್ಸಾಗಿರಲಿ, ಉತ್ತರ ಇದೇ.

ನಂಬಿಕೆ ಬರದಿದ್ದರೆ ಎರಡು ತುಂಬಿದ ಕೂಸನ್ನು ಎತ್ತಿಕೊಂಡು ಯಾವುದಾದರೂ ಮದುವೆಮನೆಗೆ ಹೋಗಿ. ಎಲೆಗೆ ಕೋಸಂಬರಿ ಬೀಳುವ ಮೊದಲೇ ಪಕ್ಕದವರು ಕೇಳುತ್ತಾರೆ: "ಪ್ಲೇಹೋಮಿಗೆ ಹಾಕಿದ್ರಾ?" ಇನ್ನೂ ಇಲ್ಲ ಅಂದಿರೋ, ಪಾಯಸ ಬರುವಷ್ಟರಲ್ಲಿ ನಿಮ್ಮ ಕೂಸಿನ ಐಐಟಿ ಸೀಟು ಕೈತಪ್ಪಿರುತ್ತದೆ. "ನಮ್ಮ ನಾದಿನಿ ಏಳು ತಿಂಗಳ ಬಸುರಿ ಇದ್ದಾಗ್ಲೇ ವಿಚಾರಿಸಿಟ್ಟಿದ್ರು" ಎಂದು ಎದುರು ಪಂಕ್ತಿಯಿಂದಲೂ ಒಂದು ದನಿ ಬರುತ್ತದೆ.

ಅಂಗನವಾಡಿಗೆ ಕಳಿಸಿ ಒಂದನೇ ಕ್ಲಾಸಿಗೆ ಸೇರಿಸೋಣ ಅಂದರೆ, "ಸೀಟೆಲ್ಲಿರುತ್ತೆ? ಎಲ್‌ಕೆಜಿಯಿಂದ ಬಂದೋರೇ ತುಂಬಿರ್ತಾರೆ." ಐದರ ತನಕ ಊರಿನ ಸರ್ಕಾರಿ ಶಾಲೆಯಲ್ಲಿ ಓದಲಿ, ಆಮೇಲೆ ಬದಲಾಯಿಸೋಣ ಅಂದರೆ, "ಅಷ್ಟೊತ್ತಿಗೆ ಇಂಗ್ಲಿಷಿಗೆ ನಾಲಿಗೆ ಹೊರಳಲ್ಲ." ಎಂಟಕ್ಕೆ? "ಎಸ್ಸೆಸ್ಸೆಲ್ಸಿ ತಲೆ ಮೇಲೆ ಬಂತಲ್ರೀ, ಈಗ ಯಾರು ತಗೋತಾರೆ?" ಆ ಪ್ರೈವೇಟ್ ಸ್ಕೂಲಿನಲ್ಲಿ ಪಾಠ ಮಾಡುವ ಮಿಸ್ಸು ವರ್ಷಕ್ಕೆ ಎಷ್ಟು ಸಲ ಬದಲಾಗುತ್ತಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬಸ್ಸಿಗೆ ಎಸಿ ಇದೆಯಾ ಅಂತ ಕೇಳುತ್ತಾರೆ.

ಸರ್ಕಾರವೂ ಒಮ್ಮೆ ಈ ಓಟಕ್ಕೆ ಗೆರೆ ಎಳೆಯಲು ಹೋಯಿತು. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶ ಹೊರಡಿಸಿತು. ಪೋಷಕರಿಗೆ ತೊಂದರೆಯಾಗದಿರಲಿ ಎಂದು ಜಾರಿಯನ್ನು 2025-26ಕ್ಕೆ ತಳ್ಳಿತು. ಅಷ್ಟು ಪುರುಸೊತ್ತು ಕೊಟ್ಟರೆ ನಾವೇನು ಮಾಡಿದೆವು? ಎರಡೂವರೆಗೇ ಪ್ರಿಕೆಜಿಗೆ ನೂಕಿದೆವು. ಯುಕೆಜಿ ಸರ್ಟಿಫಿಕೇಟು ಹಿಡಿದ ಮಕ್ಕಳು ಐದೂವರೆಗೇ ಬಾಗಿಲಿಗೆ ಬಂದು ನಿಂತರು. ಎಲ್ಲರಿಗಿಂತ ಮೊದಲು ಹೊರಟವರೇ "ನಮ್ಮ ಮಗುವಿಗೆ ಒಂದು ವರ್ಷ ಲೇಟಾಗುತ್ತೆ" ಎಂದು ಗೋಳಾಡಿದರು. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಕರಗಿ, ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು, ಯುಕೆಜಿ ಮುಗಿದಿರಬೇಕು ಎಂದರು. ಅವಸರಕ್ಕೆ ಸರ್ಕಾರಿ ಮುದ್ರೆಯೂ ಬಿತ್ತು.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನಾಗಲೀ ಹೆತ್ತವರನ್ನಾಗಲೀ ಪರೀಕ್ಷಿಸಿ ಸೇರಿಸಿಕೊಳ್ಳುವಂತಿಲ್ಲ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ ದಂಡ. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಮಗು ಅಂದರೆ 6ರಿಂದ 14 ವರ್ಷದ್ದು. ಎಲ್‌ಕೆಜಿ ಬಾಗಿಲಲ್ಲಿ ಚಡ್ಡಿ ಏರಿಸಿಕೊಳ್ಳುತ್ತ ನಿಂತಿರುವ ಮೂರೂವರೆಯದ್ದು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹಾಗಾಗಿ ಒಳಗೆ ನಡೆಯುವುದು ಪರೀಕ್ಷೆಯಲ್ಲ, ಬರೀ ಮಾತುಕತೆ. ಮೇಡಂ ಲ್ಯಾಮಿನೇಟ್ ಮಾಡಿದ ಚಾರ್ಟ್ ಎತ್ತಿ ಬಾಳೆಹಣ್ಣಿನ ಮೇಲೆ ಪೆನ್ನಿಟ್ಟು "ವಾಟ್ ಈಸ್ ದಿಸ್?" ಅನ್ನುತ್ತಾರೆ. ಮಗು ಹತ್ತಿರ ಬಗ್ಗಿ, ನೋಡಿ, "ಪಚ್ಚಬಾಳೆ" ಅನ್ನುತ್ತದೆ. ತಾತನ ಜೊತೆ ಸಂತೆ ಸುತ್ತುವ ಮಗು; ಏಲಕ್ಕಿಬಾಳೆ ಯಾವುದು, ಪಚ್ಚಬಾಳೆ ಯಾವುದು ಅನ್ನುವುದು ಚಾರ್ಟ್ ಅಚ್ಚು ಹಾಕಿದವನಿಗಿಂತ ಅದಕ್ಕೇ ಚೆನ್ನಾಗಿ ಗೊತ್ತು. ಅಪ್ಪನ ಮುಖ ಇಳಿದುಹೋಗುತ್ತದೆ. "ಮನೇಲಿ ಬನಾನಾ ಅಂತಾನೇ ಹೇಳ್ತಾನೆ ಮೇಡಂ." ಮೇಡಂ ಏನೋ ಬರೆದುಕೊಳ್ಳುತ್ತಾರೆ. (ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಇದೇ ಹಣ್ಣನ್ನು ಸುಲಿದು ತಿನ್ನಲು ಕೊಡುತ್ತಾರೆ. ಹೆಸರು ಹೇಳು ಅಂತ ಪೀಡಿಸುವುದಿಲ್ಲ.) ಮುಂದಿನ ಪ್ರಶ್ನೆ ಅಮ್ಮನಿಗೆ: ಕೆಲಸಕ್ಕೆ ಹೋಗ್ತೀರಾ? ಹೋಗ್ತೀನಿ ಅಂದರೆ ಹೋಂವರ್ಕ್ ಮಾಡಿಸೋರು ಯಾರು. ಇಲ್ಲ ಅಂದರೆ ಫೀಸ್ ಕಟ್ಟೋರು ಯಾರು?

ಇಷ್ಟೆಲ್ಲ ದಾಟಿ, ಸಾಲ ಮಾಡಿ, ಹತ್ತು ಮುಗಿಸಿ, ಪಿಯುಸಿಗೂ ಬಂದಾಯಿತು ಅನ್ನಿ. ಸಿಇಟಿ ಅರ್ಜಿ ತುಂಬಲು ಅಪ್ಪ ಸೈಬರ್ ಸೆಂಟರಿಗೆ ಹೋಗುತ್ತಾನೆ. ಹುಡುಗ ಪಟಪಟ ಟೈಪ್ ಮಾಡುತ್ತ ಕೇಳುತ್ತಾನೆ:

"ಒಂದರಿಂದ ಹತ್ತರ ತನಕ ಕನ್ನಡ ಮೀಡಿಯಂ ಓದಿದಾನಾ ಸಾರ್?"

"ಯಾಕೆ?"

"5 ಪರ್ಸೆಂಟ್ ಮೀಸಲಾತಿ ಇದೆ. ಹಳ್ಳೀಲಿ ಓದಿದ್ರೆ ಗ್ರಾಮೀಣ ಅಂತ 15 ಪರ್ಸೆಂಟ್ ಬೇರೆ."

ಅಪ್ಪ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾನೆ. "ಮೊದಲು ಅಂಗನವಾಡಿಗೆ ಹೋಗ್ತಿದ್ದ, ಅದು ನಡೆಯುತ್ತಾ?"

"ಇಲ್ಲ ಸಾರ್, ಹತ್ತೂ ವರ್ಷ ಕನ್ನಡ ಮೀಡಿಯಮ್ಮಲ್ಲೇ ಓದಿರ್ಬೇಕು. ಚಿಕ್ಕೋರು ಇನ್ಯಾರಾದ್ರೂ ಇದಾರಾ ಮನೇಲಿ?"

"ಮಗಳಿದಾಳೆ. ಎರಡನೇ ಕ್ಲಾಸು. ಇಂಗ್ಲಿಷ್ ಮೀಡಿಯಮ್ಮು."

ಹುಡುಗ ಸ್ಕ್ರೀನಿನಿಂದ ಕಣ್ಣೆತ್ತದೆ ಹೇಳುತ್ತಾನೆ: "ಅವಳಿಗೂ ಲೇಟಾಯ್ತು ಸಾರ್."