ಗಂಟೆ ಹಿಡಿದು ಮಳೆ ಹೇಳುವ ಆ್ಯಪ್‌ಗಳು
‘ಸಂಜೆ 4ಕ್ಕೆ ಮಳೆ’ ಅಂತ ಗಂಟೆ ಹಿಡಿದು ತೋರಿಸುವ ಆ್ಯಪ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಸುರಿಯುವ ಗುಡುಗು ಮಳೆಯನ್ನು ಬೆಳಿಗ್ಗೆಯೇ ಅಷ್ಟು ಖಚಿತವಾಗಿ ಹೇಳಲು ಆಗುವುದಿಲ್ಲ. ಇಡೀ ಭೂಮಿಯ ಹವಾಮಾನದ ಲೆಕ್ಕ ಹಾಕುವ ಒಳ್ಳೆಯ ಕಂಪ್ಯೂಟರ್ ಮಾದರಿಗಳೂ ವಾತಾವರಣವನ್ನು ಸುಮಾರು 10 ಕಿಲೋಮೀಟರ್ ಅಗಲದ ಚೌಕಗಳಾಗಿ ನೋಡುತ್ತವೆ. ಗುಡುಗು ಮೋಡ ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಹುಟ್ಟಿ, ಸುರಿದು, ಕರಗಲು ಅದಕ್ಕೆ ಒಂದು ಗಂಟೆ ಸಾಕು. ನೆಲ ಎಲ್ಲಿ ಸ್ವಲ್ಪ ಜಾಸ್ತಿ ಕಾಯಿತು, ಗಾಳಿಯಲ್ಲಿ ತೇವ ಎಷ್ಟಿತ್ತು ಅನ್ನುವುದೂ ಆಟ ಬದಲಿಸುತ್ತದೆ. ಆರಂಭದ ಅಳತೆಯಲ್ಲಿನ ಸಣ್ಣ ತಪ್ಪು ಬೆಳೆಯುತ್ತಾ ಹೋಗುತ್ತದೆ ಎಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದ್ದರು. ಹಾಗಿದ್ದ ಮೇಲೆ ಎಷ್ಟು ಅನುಮಾನವಿದೆ ಅಂತಲೂ ಹೇಳಬೇಕು, ಅಲ್ವಾ? ಅದನ್ನು ಬಿಟ್ಟು ಸುಮ್ನೆ ಒಂದು ಮೋಡದ ಚಿತ್ರ ಹಾಕುತ್ತಾರೆ. ಜನ ಬೈಯುವುದು ಮಾತ್ರ ಹವಾಮಾನ ತಜ್ಞರನ್ನು.